ಕೂಡಿಸಿದ ಪಟ್ಟಿ

ಹನ್ನೊಂದು ಪಟ್ಟಿಗಳನ್ನು ಕೂಡಿಸಿ ಒಂದು ಮಾಡುವ ಕೆಲಸಕ್ಕೆ ಫಿಜಾಳಿಗೆ ಮೂರು ತಿಂಗಳು ಹಿಡಿಯಿತು. ಗದಗ ಬೇರೆ ಜಿಲ್ಲೆಯಾಗಿ ಇಪ್ಪತ್ತು ವರ್ಷ ತುಂಬಿದ ವರ್ಷ ಅದು. ಅವಳು ಕೆಲಸ ಮಾಡುತ್ತಿದ್ದ ಸೇವಾಸಂಸ್ಥೆ ಹೆಚ್ಚುಕಡಿಮೆ ಅಷ್ಟೇ ವರ್ಷಗಳಿಂದ ಊರೂರು ತಿರುಗಿ ಕಣ್ಣಿನ ಶಿಬಿರ, ಮಕ್ಕಳಿಗೆ ಲಸಿಕೆಯ ದಿನ, ಹೊಲಿಗೆ ತರಬೇತಿ, ಶಾಲೆಯ ಚೀಲ ಹಂಚುವುದು, ವಿಧವೆಯರ ಅರ್ಜಿ ಬರೆದುಕೊಡುವುದು, ಹೀಗೆ ನಾನಾ ಕೆಲಸ ಮಾಡುತ್ತ ಬಂದಿತ್ತು. ಒಂದೊಂದು ಕೆಲಸಕ್ಕೂ ಒಂದೊಂದು ಪಟ್ಟಿ. ಒಂದರಲ್ಲಿ ಇದ್ದದ್ದು ಇನ್ನೊಂದಕ್ಕೆ ಗೊತ್ತಿರಲಿಲ್ಲ.

ಅದರಿಂದ ತೊಂದರೆಯೂ ಆಗುತ್ತಿತ್ತು. ಯಳವತ್ತಿಯ ದಸ್ತಗೀರಸಾಬ ಎಂಬ ಮುದುಕನ ಹೆಸರು ಮೂರು ಶಿಬಿರದಲ್ಲಿ ಮೂರು ಥರ ಬರೆದುಕೊಂಡಿದ್ದರಿಂದ ಅವನ ಒಂದು ಕಣ್ಣಿನ ಪೊರೆ ತೆಗೆದು ಇನ್ನೊಂದನ್ನು ಮರೆತುಬಿಟ್ಟಿದ್ದರು. ಫಿಜಾ ಪಟ್ಟಿ ಕೂಡಿಸಿದ ಮೇಲೆ ಆ ಮೂವರೂ ಒಬ್ಬನೇ ಎಂದು ತಿಳಿದು, ಎರಡನೇ ಕಣ್ಣಿಗೂ ಶಸ್ತ್ರಚಿಕಿತ್ಸೆ ಆಯಿತು. ಮುದುಕ ಒಂದು ಚೀಲ ಹಸಿ ಶೇಂಗಾ ಹೊತ್ತುಕೊಂಡು ಸಂಸ್ಥೆಯ ಮಹಡಿ ಹತ್ತಿ ಬಂದ. "ಯಾವ ಹುಡುಗಿ ನನ್ನ ಹುಡುಕಿದ್ದು? ಆಕಿನ್ನ ಎರಡೂ ಕಣ್ಣಿಲೆ ನೋಡಬೇಕಾಗೇತಿ" ಅಂದ. ಫಿಜಾ ನಾಚಿ ನಕ್ಕಳು. ಸಂಸ್ಥೆಯ ಕಾರ್ಯದರ್ಶಿ ಚನ್ನಬಸವಣ್ಣನವರು ಆ ದಿನ ಎಲ್ಲರೆದುರು, "ನಮ್ಮ ಫಿಜಾನ ಕೆಲಸ ನೋಡ್ರಿ. ಇನ್ನ ಮುಂದ ಯಾರೂ ಕಳಕೊಳ್ಳಂಗಿಲ್ಲ" ಎಂದರು.

ಚನ್ನಬಸವಣ್ಣ ಕೆಟ್ಟ ಮನುಷ್ಯರಲ್ಲ. ನಿವೃತ್ತ ಮಾಸ್ತರರು. ಒಬ್ಬ ವಿಧವೆಯ ಅರ್ಜಿಗಾಗಿ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದವರು. ಎಲ್ಲ ಪಟ್ಟಿಯನ್ನೂ ಕೂಡಿಸಿ ಇಂಟರ್‌ನೆಟ್ಟಿನಲ್ಲಿ ಇಟ್ಟು, ಜಿಲ್ಲೆಯ ಯಾವ ಮೂಲೆಯಿಂದಲಾದರೂ ತೆರೆದು ನೋಡುವಂತೆ ಮಾಡಬೇಕು ಎಂಬುದು ಅವರದೇ ಕನಸು. ಅದಕ್ಕೆ 'ಒಂದೇ ಬಾಗಿಲು' ಎಂದು ಹೆಸರಿಟ್ಟವರೂ ಅವರೇ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡ ಮೂವತ್ತು ಮಂದಿಯನ್ನು ಆರಿಸಿ, ಅವರಿಗೆ ಬಾಗಿಲು ತೆರೆಯುವ ಲಾಗಿನ್ ಕೊಟ್ಟರು. ಬಡವರು ಆ ಅಂಗಡಿಗೆ ಹೋದರೆ ಸಾಕು, ಅವರ ಕಾಗದಪತ್ರವೆಲ್ಲ ಅಲ್ಲಿಯೇ ಕಾಣಬೇಕು.

ಆ ಮೂವತ್ತು ಮಂದಿಗೆ ಹುಲಕೋಟಿಯ ಒಂದು ಸಭಾಭವನದಲ್ಲಿ ತರಬೇತಿ ಕೊಟ್ಟವಳು ಫಿಜಾ. ಇಪ್ಪತ್ತಾರರ ಹುಡುಗಿ, ಬೆಟಗೇರಿಯ ಮಗ್ಗ ರಿಪೇರಿ ಮಾಡುವ ಅಬ್ದುಲಗನಿಯ ಮಗಳು, ಅಷ್ಟು ಮಂದಿ ಗಂಡಸರೆದುರು ಮೈಕು ಹಿಡಿದು ನಿಂತದ್ದು ಅದೇ ಮೊದಲು. ಹಿಂದಿನ ಸಾಲಿನವರು ಮೊಬೈಲು ನೋಡುತ್ತಿದ್ದರು. ಎರಡನೇ ಸಾಲಿನಲ್ಲಿ ಕೂತ ಒಬ್ಬ ಮಾತ್ರ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ತೆಳುವಾಗಿ ವಿಭೂತಿ. ಕೊನೆಗೆ ಕೈ ಎತ್ತಿ ಕೇಳಿದ.

"ಮೇಡಂ, ಒಂದ ಸವಾಲ್ರಿ. ಒಬ್ಬಾಕಿ ಹೆಸರು ಬದಲಿ ಮಾಡಕೊಂಡು ಬ್ಯಾರೆ ಊರಾಗ ಇದ್ರೂ ಇದರಾಗ ಸಿಗತಾಳೇನ್ರಿ?"

ಇಡೀ ದಿನದಲ್ಲಿ ಬಂದ ಒಂದೇ ಬುದ್ಧಿವಂತ ಪ್ರಶ್ನೆ ಅದು ಎಂದು ಫಿಜಾಳಿಗೆ ಖುಷಿಯಾಯಿತು.

"ಸಿಗತಾರ್ರಿ" ಅಂದಳು. "ಹೆಸರೊಂದ ನೋಡಂಗಿಲ್ಲ ಇದು. ಮಗುವಿನ ಹುಟ್ಟಿದ ತಾರೀಖು, ರಕ್ತದ ಗುಂಪು, ಮೈಮ್ಯಾಲಿನ ಗುರುತು, ಹಿಂಗ ಮೂರು ಸಂಗತಿ ತಾಳೆ ಆದ್ರ ಇಬ್ಬರೂ ಒಬ್ಬರ ಅಂತ ತಾನ ಕೂಡಿಸತೈತಿ."

ಅವನು ಅದನ್ನೂ ಬರೆದುಕೊಂಡ. "ಭಾಳ ಉಪಕಾರ ಆತ್ರಿ" ಎಂದು ಕೈ ಮುಗಿದ.

ಇದಾಗಿ ಹದಿನೈದು ದಿನ ಕಳೆದಿತ್ತು. 'ಒಂದೇ ಬಾಗಿಲು' ಅಧಿಕೃತವಾಗಿ ತೆರೆಯುವ ಸಮಾರಂಭಕ್ಕೆ ಇನ್ನು ನಾಲ್ಕು ದಿನವಿತ್ತು. ಎಷ್ಟು ಮಂದಿ ಬಳಸಿದ್ದಾರೆ ಎಂದು ವರದಿಯಲ್ಲಿ ಬರೆಯಲು ಚನ್ನಬಸವಣ್ಣ ಕೇಳಿದ್ದರು. ಯಾವ ಅಂಗಡಿಯವರು ಯಾವಾಗ ಏನು ಹುಡುಕಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಬೆಳಿಗ್ಗೆ ಹತ್ತೂವರೆಗೆ ಫಿಜಾ ಅದನ್ನು ತೆರೆದು ಕೂತಳು. ಎಲ್ಲರದೂ ಒಂದೇ ಥರ: ಇಂದು ಒಬ್ಬ ಮುದುಕಿ, ನಾಳೆ ಒಬ್ಬ ವಿದ್ಯಾರ್ಥಿ, ಒಂದೊಂದು ಹೆಸರು ಒಂದೊಂದು ಸಲ. ಮುಂಡರಗಿಯ ಏಳನೇ ನಂಬರಿನ ಅಂಗಡಿಯದು ಮಾತ್ರ ಬೇರೆ ಇತ್ತು.

ಅವನು ಎಪ್ಪತ್ತೊಂದು ಸಲ ಹುಡುಕಿದ್ದ. ಎಪ್ಪತ್ತೊಂದು ಸಲವೂ ಒಬ್ಬಳನ್ನೇ.

ಮೊದಲ ಎರಡು ದಿನ 'ಹೊನ್ನವ್ವ' ಎಂಬ ಹೆಸರು. ಮುಂಡರಗಿ ತಾಲೂಕಿನ ಒಂದು ಹಳ್ಳಿಯ ಹೊನ್ನವ್ವ ಸಿಕ್ಕಿದ್ದಳು, ಆರು ವರ್ಷದ ಹಿಂದಿನ ಲಸಿಕೆಯ ಪಟ್ಟಿಯಲ್ಲಿ, ಹೆಣ್ಣುಮಗುವಿನ ತಾಯಿ ಎಂದು. ಆಮೇಲೆ ಅವನು ಹೆಸರು ಬಿಟ್ಟು ಆ ಮಗುವಿನ ಹುಟ್ಟಿದ ತಾರೀಖು ಹಾಕಿ ಹುಡುಕಿದ್ದ. ಆಮೇಲೆ ಮಗುವಿನ ರಕ್ತದ ಗುಂಪು. ಒಂಬತ್ತನೇ ದಿನ 'ಎಡಗೈ ಸುಟ್ಟ ಗಾಯ' ಎಂದು. ಅವತ್ತೇ ಬಾಗಿಲು ತೆರೆದುಕೊಂಡಿತ್ತು. ಲಕ್ಷ್ಮೇಶ್ವರದ ಸುಮಿತ್ರವ್ವ, ವಯಸ್ಸು ಇಪ್ಪತ್ತೊಂಬತ್ತು, ಚರ್ಮರೋಗದ ಶಿಬಿರಕ್ಕೆ ಬಂದವಳು, ಎಡಗೈಯ ಎರಡು ಬೆರಳು ಮಡಚುವುದಿಲ್ಲ, ಹಳೆಯ ಸುಟ್ಟ ಗಾಯ. ಮಗಳು ಮೂರನೇ ಇಯತ್ತೆ, ಶಾಲೆಯ ಚೀಲ ಹಂಚಿದ ಪಟ್ಟಿಯಲ್ಲಿ ಶಾಲೆಯ ಹೆಸರು ಸಮೇತ. ಅವನು ಹಾಕಿದ ಮೂರೂ ಸಂಗತಿ ತಾಳೆಯಾದ್ದರಿಂದ, ಹೊನ್ನವ್ವನೂ ಸುಮಿತ್ರವ್ವನೂ ಒಬ್ಬಳೇ ಎಂದು ಕಂಪ್ಯೂಟರು ಒಂದೇ ಚೌಕದಲ್ಲಿ ಎರಡೂ ಹೆಸರು ಬರೆದು, ಕೆಳಗೆ ಮನೆಯ ವಿಳಾಸ ಕೊಟ್ಟಿತ್ತು.

ಆ ಚೌಕವನ್ನು ಅವನು ಹತ್ತೊಂಬತ್ತು ಸಲ ತೆರೆದು ನೋಡಿದ್ದ. ನಿನ್ನೆ ಕೊನೆಯ ಸಲ ನೋಡಿ, ಇಡೀ ಪಟ್ಟಿಯನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಹಳ್ಳಿಯ ಕಡೆ ಇಂಟರ್‌ನೆಟ್ ನಿಧಾನ ಎಂದು, ಒಮ್ಮೆಲೇ ಇಳಿಸಿಕೊಳ್ಳುವ ಗುಂಡಿ ಇಟ್ಟವಳು ಫಿಜಾಳೇ.

ಅವಳು ಹಳೆಯ ಲಸಿಕೆಯ ಪಟ್ಟಿ ತೆಗೆದಳು. ಹೊನ್ನವ್ವನ ಗಂಡ ಉಳವಪ್ಪ, ಅವನ ಮೊಬೈಲ್ ನಂಬರು. ಇನ್ನೊಂದು ಕಡೆ ಲಾಗಿನ್ ಪಡೆದ ಮೂವತ್ತು ಮಂದಿಯ ಪಟ್ಟಿ. ಏಳನೇ ಅಂಗಡಿಯವನ ಮೊಬೈಲ್ ನಂಬರು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಂಕಿ ಬೆರಳಿಟ್ಟು ಓದಿದಳು. ಹತ್ತೂ ತಾಳೆಯಾದವು. ಬಿಳಿ ಅಂಗಿ, ವಿಭೂತಿ, ವಹಿ, ಎಲ್ಲ ಕಣ್ಣ ಮುಂದೆ ಬಂದವು.

ಮೊದಲು ಅವನ ಲಾಗಿನ್ ಮುಚ್ಚಿದಳು. ಆಮೇಲೆ ಚನ್ನಬಸವಣ್ಣನವರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಗಂಡಾ ಹೆಂಡ್ತಿ ವಿಚಾರ ತಂಗಿ. ಮಗಳ ಮ್ಯಾಲಿನ ಮಾಯಾಕ ಹುಡುಕಿರಬೇಕು, ಪಾಪ. ನಾವು ನಡಕ ಬಾಯಿ ಹಾಕೂದು ಬರೋಬ್ಬರಿ ಆಗತೈತೇನು?"

"ಸರ್, ಹೆಸರು ಬದಲಿ ಮಾಡಕೊಂಡು ಆರು ವರ್ಷ ಅಡಗಿ ಕುಂತಾಕಿ ಅಕಿ. ಕೈ ಸುಟ್ಟೈತಿ. ಸುಮ್ಮಸುಮ್ಮನ ಯಾರರ ಹಂಗ ಇರತಾರೇನ್ರಿ?"

"ಆತು, ಅವನ ಲಾಗಿನ್ ಬಂದ್ ಮಾಡಿದೆಲ್ಲಾ. ಇನ್ನೇನು?"

"ಇಡೀ ಬಾಗಿಲಾ ಬಂದ್ ಮಾಡ್ರಿ ಸರ್, ಇವತ್ತಿಗೆ."

ಅವರು ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆಗಳ ಕಟ್ಟನ್ನು ನೋಡಿದರು. "ನಾಕ ದಿನದಾಗ ಸಮಾರಂಭ ಐತಿ. ಸಾವಿರಾರು ಮಂದಿಗೆ ಉಪಯೋಗ ಆಗೂದನ್ನ ಒಬ್ಬಾಕಿ ಸಲುವಾಗಿ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಫಿಜಾ ಹೊರಗೆ ಬಂದು ಸುಮಿತ್ರವ್ವನ ಹೆಸರಿನ ಮುಂದಿದ್ದ ನಂಬರಿಗೆ ಫೋನು ಹಚ್ಚಿದಳು. ಎತ್ತಿದ್ದು ಒಬ್ಬ ವಯಸ್ಸಾದ ಹೆಂಗಸು. ತಾನು ಮನೆಯ ಒಡತಿ ದುರಗವ್ವ ಎಂದಳು. ಫಿಜಾ ಸಂಸ್ಥೆಯ ಹೆಸರು ಹೇಳಿದ ಕೂಡಲೇ ದನಿ ಬಿಗಿಯಾಯಿತು.

"ಮತ್ತ ಸಂಸ್ಥೆದವರೇನು? ನಿನ್ನೆನೂ ನಿಮ್ಮಾಂವ ಒಬ್ಬಾಂವ ಫೋನ್ ಮಾಡಿದ್ನೆಲ್ಲಾ. ಹುಡುಗಿಗೆ ಪುಸ್ತಕ ಕೊಡೂದೈತಿ, ಸಾಲಿ ಬಿಟ್ಟು ಎಷ್ಟಕ್ಕ ಬರತಾಳು, ಸಂಗಾಟ ಯಾರ ಬರತಾರು ಅಂತ ಕೇಳಿದಾ."

"ನೀವೇನ ಹೇಳಿದ್ರಿ ಅಮ್ಮಾ?"

"ಒಬ್ಬಾಕಿನ ಬರತಾಳು ಅಂದ್ನಿ. ಯಾಕ?"

ಅಡಗಿ ಕೂತವಳ ಗುಟ್ಟನ್ನು ಫೋನಿನಲ್ಲಿ ಬೇರೆಯವರಿಗೆ ಹೇಳುವಂತಿರಲಿಲ್ಲ. ಫಿಜಾ ಬಸ್ ನಿಲ್ದಾಣಕ್ಕೆ ಓಡಿದಳು. ಲಕ್ಷ್ಮೇಶ್ವರದ ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತೇ ಮುಳಗುಂದ ದಾಟಿದಳು. ಯಳವತ್ತಿಯಲ್ಲಿ ಒಬ್ಬಾಕೆ ಇಳಿದು ಸೀಟು ಸಿಕ್ಕಿತು. ಕೂತರೂ ಸಮಾಧಾನವಿಲ್ಲ. ಎರೆಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು, ದೂರದಲ್ಲಿ ಕಪ್ಪತಗುಡ್ಡದ ಸಾಲು ಮಸಕಾಗಿ ಕಾಣುತ್ತಿತ್ತು. ಹಿಂದಿನಿಂದ ಒಂದು ಮೋಟರ್‌ಸೈಕಲ್ ಹಾರನ್ ಮಾಡುತ್ತ ಬಸ್ಸನ್ನು ದಾಟಿ ಹೋದಾಗ ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಬಿಳಿ ಅಂಗಿಯವನೇ ಹೌದೋ ಅಲ್ಲವೋ ತಿಳಿಯುವಷ್ಟರಲ್ಲಿ ಧೂಳು ಮುಚ್ಚಿತು.

ದುರಗವ್ವನ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ನಾಲ್ಕೈದು ಹೆಂಗಸರು ಸಾಲಾಗಿ ಕೂತು ಖಡಕ್ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಕಡೆಯ ಒಲೆಯ ಮುಂದೆ ಕೂತವಳ ಎಡಗೈಯನ್ನು ನೋಡಿದೊಡನೆ ಫಿಜಾಳಿಗೆ ಗುರುತು ಸಿಕ್ಕಿತು. ಹತ್ತಿರ ಹೋಗಿ, ಬೇರೆಯವರಿಗೆ ಕೇಳದಂತೆ ಬಗ್ಗಿ, "ಹೊನ್ನವ್ವ ಅಂದ್ರ ನೀವ ಅಲ್ಲರಿ?" ಅಂದಳು.

ಬಡಿಯುತ್ತಿದ್ದ ಕೈ ನಿಂತಿತು. ಹೆಂಗಸು ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಲಾಗುವವರೆಗೆ ಹಾಗೇ ಕೂತಿದ್ದು, ಆಮೇಲೆ ಎದ್ದು ಹಿತ್ತಲಿಗೆ ನಡೆದಳು. ಫಿಜಾ ಹಿಂದೆ ಹೋದಳು.

"ಆ ಹೆಸರ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ರಿ. ನಾನ ಕಂಪ್ಯೂಟರಿನಾಗ ಕೂಡಿಸಿದ್ನಿ. ನಿಮ್ಮವು ಎರಡೂ ಹೆಸರು ಈಗ ಒಂದ ಕಡಿಗೆ ಅದಾವು. ನಿಮ್ಮ ಯಜಮಾನ್ರು ಅದನ್ನ ನೋಡ್ಯಾರ."

ಸುಮಿತ್ರವ್ವ ಅಳಲಿಲ್ಲ, ಕೂಗಲಿಲ್ಲ. ಹಿಟ್ಟು ಮೆತ್ತಿದ ಎಡಗೈಯನ್ನು ಮುಂದೆ ಚಾಚಿದಳು. ಎರಡು ಬೆರಳು ನೆಟ್ಟಗೆ ಕೋಲಿನ ಹಾಗೆ ನಿಂತಿದ್ದವು.

"ಇದು ಅಂವಾ ಕುದಿಯು ಎಣ್ಣಿಯಾಗ ಅದ್ದಿದ ಕೈ. ನಾ ನಿಮ್ಮ ಕ್ಯಾಂಪಿನಾಗ ಇದನ್ನ ತೋರಿಸಿದ್ದು ಮಲಾಮು ಕೊಡಲಿ ಅಂತ್ರಿ. ಬರಕೊಳ್ರಿ ಅಂತ ಅಲ್ಲ."

ಸುಮಿತ್ರವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಸಾಲ್ಯಾಗ ಹೆಸರು ಬ್ಯಾರೆ ಕೊಟ್ನಿ. ತವರಮನಿಗೆ ಕಾಗದ ಬರೀಲಿಲ್ಲ. ನಮ್ಮಪ್ಪ ಸತ್ತ ಖಬರ ಕಿವಿಗೆ ಬಿದ್ರೂ ಹೋಗಲಿಲ್ಲ. ಚೀಲಾ ಕೊಡತೀವಿ ಅಂದ್ರು, ಮಗಳ ಖರೆ ತಾರೀಖ ಕೊಟ್ನಿ. ಒಂದ ಚೀಲದ ಸಲುವಾಗಿ!" ಮರುಗಳಿಗೆಯೇ ಬೆಚ್ಚಿ, "ಸುಶ್ಮಿತಾ ಸಾಲ್ಯಾಗ ಅದಾಳ" ಎಂದಳು. "ಅಂವಗ ನಾ ಬ್ಯಾಡ್ರಿ. ಹುಡುಗೀನ ಹಿಡಕೊಂಡ್ರ ನಾನಾಗೇ ಬರತೀನಿ ಅಂತ ಅಂವಗ ಗೊತ್ತೈತಿ."

ಚಪ್ಪಲಿ ಸಹ ಮೆಟ್ಟದೆ ಅವಳು ಓಡಿದಳು, ಹಿಂದೆಯೇ ಫಿಜಾ. ಶಾಲೆ ಎರಡು ಓಣಿಯಾಚೆ. ಮಧ್ಯಾಹ್ನದ ಊಟ ಮುಗಿದು ಮಕ್ಕಳು ಒಳಗೆ ಹೋಗಿದ್ದರು. ಮೂರನೇ ಇಯತ್ತೆಗೆ ಕಲಿಸುವ ಬಾಯಾರು ಬಾಗಿಲಿಗೆ ಬಂದು ನಕ್ಕರು.

"ಏನ್ರಿ ಸುಮಿತ್ರವ್ವಾ, ನೀವೂ ಬಂದ್ರೇನು? ಈಗರ ಊಟದ ಹೊತ್ತಿಗೆ ಸುಶ್ಮಿತಾನ ಕಾಕಾ ಬಂದಿದ್ರು. ಅಕಿಗೆ ಹೊಸಾ ಫ್ರಾಕ್ ತಂದಿದ್ರು. ಕರಕೊಂಡ ಹೋಗತೀನಿ ಅಂದ್ರು, ಸಾಲಿ ಬಿಟ್ಟ ಮ್ಯಾಲ ಬರ್ರಿ ಅಂತ ಕಳಿಸೀನಿ. ಭಾಳ ಸಂಭಾವಿತ ಮನಶ್ಯಾ."

ಸುಶ್ಮಿತಾ ಕಾಗದದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಳಗಿನಿಂದ ಗುಲಾಬಿ ಬಣ್ಣದ ಅಂಚು ಕಾಣುತ್ತಿತ್ತು. ಅವ್ವನನ್ನು ಕಂಡು, "ಯವ್ವಾ, ಆ ಕಾಕಾ ನನ್ನ ಹುಟ್ಟಿದ ದಿನಾ ಸೈತ ಹೇಳಿದಾ" ಎಂದಳು. ಸುಮಿತ್ರವ್ವ ಪೊಟ್ಟಣ ಕಸಿದು ಬೆಂಚಿನ ಮೇಲಿಟ್ಟು ಮಗಳ ಕೈ ಹಿಡಿದಳು. ಹುಡುಗಿ ಆ ಫ್ರಾಕಿನ ಕಡೆಗೇ ನೋಡುತ್ತ ಬಂದಳು.

ಅವರು ಹಿಂದಿನ ಗೇಟಿನಿಂದ ಹೊರಬಿದ್ದು ದುರಗವ್ವನ ಮನೆಗೆ ಮರಳಿದರು. ಫಿಜಾ ಠಾಣೆಗೆ ಹೋಗೋಣ ಎಂದಳು. ಸುಮಿತ್ರವ್ವ ತಲೆ ಅಲ್ಲಾಡಿಸಿದಳು. "ಹಿಂದ ಹೋಗೀನ್ರಿ. ಬುದ್ಧಿ ಹೇಳಿ ಅವನ ಸಂಗಾಟನ ಕಳಿಸಿದ್ರು. ಅದರ ಮರುದಿನಾನ ಎಣ್ಣಿ ಕಾಸಿದ್ದು." ಟ್ರಂಕಿನಲ್ಲಿದ್ದ ಬಟ್ಟೆಗಳನ್ನು ಒಂದು ಗಂಟು ಕಟ್ಟಿದಳು. ಲಸಿಕೆಯ ಕಾರ್ಡು, ಶಾಲೆಯ ಕಾಗದ, ಶಿಬಿರದ ಚೀಟಿ, ಏನೇನು ಕಾಗದವಿತ್ತೋ ಅಷ್ಟನ್ನೂ ತೆಗೆದು ಕಡೆಯ ಒಲೆಗೆ ಹಾಕಿದಳು. ಬೇರೆ ಹೆಂಗಸರು ಏನೂ ಕೇಳದೆ ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು. ಅವರಿಗೆ ಎಷ್ಟು ಗೊತ್ತಿತ್ತೋ ಏನೋ.

ದುರಗವ್ವನ ರೊಟ್ಟಿಯ ಡಬ್ಬಿಗಳನ್ನು ಬೇರೆ ಊರಿಗೆ ಒಯ್ಯುವ ಕರೀಮಸಾಬ ಎಂಬವನ ಸಣ್ಣ ಗಾಡಿ ಬಾಗಿಲಿಗೆ ಬಂದಿತ್ತು. ತಾಯಿಮಗಳು ಡಬ್ಬಿಗಳ ನಡುವೆ ಕೂತರು. ಮೇಲೆ ತಾಡಪತ್ರಿ ಎಳೆಯುವಾಗ ದುರಗವ್ವ, "ಎಲ್ಲಿ ಇಳೀತಿ ಅಂತ ಕರೀಮಣ್ಣಗ ಹೇಳು, ಅಂವಾ..." ಎನ್ನುತ್ತಿದ್ದಂತೆ ಫಿಜಾ ಅಡ್ಡ ಬಾಯಿ ಹಾಕಿದಳು.

"ಬ್ಯಾಡ್ರಿ ಅಮ್ಮಾ. ನನ್ನ ಮುಂದ ಹೇಳಬ್ಯಾಡ್ರಿ. ನಾ ಹೋದ ಮ್ಯಾಲ ಹೇಳ್ರಿ."

ಸುಮಿತ್ರವ್ವ ತಾಡಪತ್ರಿಯ ಸಂದಿನಿಂದ ಅವಳನ್ನು ಒಂದು ಸಲ ನೋಡಿದಳು. ಕ್ಷಮಿಸಿದ ನೋಟವಲ್ಲ ಅದು, ಬೈದ ನೋಟವೂ ಅಲ್ಲ. ಗಾಡಿ ಹೊರಟಿತು.

ಫಿಜಾ ಬಸ್ ನಿಲ್ದಾಣಕ್ಕೆ ಹೋಗಬೇಕಾದರೆ ಶಾಲೆಯ ಮುಂದಿನ ರಸ್ತೆಯನ್ನೇ ಹಿಡಿಯಬೇಕಿತ್ತು. ಶಾಲೆ ಬಿಡುವ ಗಂಟೆ ಬಾರಿಸಿತ್ತು. ಮಕ್ಕಳು ಹಿಂಡುಹಿಂಡಾಗಿ ಹೊರಬರುತ್ತಿದ್ದರು. ಗೇಟಿನ ಎದುರು ಬೇವಿನ ಮರದ ಕೆಳಗೆ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ಉಳವಪ್ಪ ನಿಂತಿದ್ದ. ಪ್ರತಿ ಹುಡುಗಿಯ ಮುಖವನ್ನೂ ನಗುಮುಖದಿಂದ ನೋಡುತ್ತಿದ್ದ. ಕೊನೆಯ ಮಗು ಹೊರಬಂದು ಗೇಟು ಹಾಕಿದ ಮೇಲೂ ನಗು ಹಾಗೇ ಇತ್ತು. ಆಗ ಅವನ ಕಣ್ಣು ಫಿಜಾಳ ಮೇಲೆ ಬಿತ್ತು.

"ಅರೆ, ಮೇಡಂ! ನೀವಿಲ್ಲಿ?" ಎಂದು ರಸ್ತೆ ದಾಟಿ ಬಂದ. "ನಿಮಗ ಫೋನ್ ಮಾಡೋನ ಇದ್ನಿ. ನನ್ನ ಲಾಗಿನ್ ಯಾಕೋ ನಡೀವಲ್ದು."

"ಬಂದ್ ಮಾಡೀವ್ರಿ" ಅಂದಳು ಫಿಜಾ. "ಬಡವರ ಕೆಲಸಕ್ಕಂತ ಕೊಟ್ಟಿದ್ದನ್ನ ನೀವು ಬ್ಯಾರೆದಕ್ಕ ಬಳಸೀರಿ."

"ನನ್ನ ಹೆಂಡ್ತಿ ಮಕ್ಕಳನ್ನ ನಾ ಹುಡುಕಿದ್ರ ತಪ್ಪೇನ್ರಿ?" ಅವನು ಸ್ವಲ್ಪವೂ ದನಿ ಏರಿಸಲಿಲ್ಲ. "ಆರು ವರ್ಷ ಊರೂರು ತಿರುಗಿದ್ನಿ. ದೇವರ ಕೇಳಿಸಿದ್ನಿ. ಯಾರಿಂದನೂ ಆಗಲಿಲ್ಲ, ನೀವು ಮೂರು ತಿಂಗಳದಾಗ ಹುಡುಕಿಕೊಟ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ. ಎಲ್ಲಿ ಅದಾರ ಅವರು?"

"ನನಗ ಗೊತ್ತಿಲ್ರಿ."

ಅದು ನಿಜವಾಗಿತ್ತು. ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿ, ನಿಜವೆಂದು ತಿಳಿದುಕೊಂಡಂತೆ ತಲೆ ಹಾಕಿದ.

"ಇರಲಿ ಬಿಡ್ರಿ. ಅಬ್ದುಲಗನಿ ಸಾಹೇಬ್ರು ಹ್ಯಾಂಗದಾರು? ಸಕ್ಕರಿ ಎರಡ ನೂರಾ ನಲವತ್ತಿತ್ತಲ್ಲ ಹೋದ ಶಿಬಿರದಾಗ. ಜ್ವಾಪಾನ ಮಾಡಬೇಕ್ರಿ. ನಿಮ್ಮ ಅಮ್ಮಾರು, ಅಲ್ಮಾಸಬಿಯವರು, ಮಧ್ಯಾಹ್ನ ಮನ್ಯಾಗ ಒಬ್ಬರ ಇರತಾರ, ಕಣ್ಣು ಬ್ಯಾರೆ ಮಂದ. ನಿಮ್ಮ ಮನಿ ಬಾಗಲಾ ಹಿತ್ತಲ ಕಡಿಂದೂ ಐತೆಲ್ಲಾ?"

ಅವನು ಬೆದರಿಸಲಿಲ್ಲ. ನೆಂಟರು ಕುಶಲ ಕೇಳುವ ಧಾಟಿಯಲ್ಲೇ ಕೇಳಿ, ಕೈ ಮುಗಿದು, ಮೋಟರ್‌ಸೈಕಲ್ ಒದ್ದು ಹೊರಟುಹೋದ.

ಫಿಜಾ ಕಟ್ಟೆಯ ಮೇಲೆ ಕೂತು ಮನೆಗೆ ಫೋನು ಮಾಡಿದಳು. ಅಮ್ಮ ಎತ್ತುವವರೆಗೆ ರಿಂಗುಗಳನ್ನು ಎಣಿಸಿದಳು. "ಎರಡೂ ಬಾಗಿಲಾ ಹಾಕ್ಕೋ ಅಮ್ಮಿ. ಯಾರ ಬಂದ್ರೂ ತಗೀಬ್ಯಾಡ" ಅಂದಳು. ಅಪ್ಪ ಅಮ್ಮನ ಹೆಸರನ್ನು ಶಿಬಿರದ ಪಟ್ಟಿಗೆ ಸೇರಿಸಿದವಳೂ ತಾನೇ. ಮನೆಗೆ ಯಾವ ಕಡೆಯಿಂದ ದಾರಿ, ಹಗಲು ಯಾರು ಸಿಗುತ್ತಾರೆ ಎಂಬುದನ್ನು, ಔಷಧ ಕೊಡಲು ಬರುವವರಿಗೆ ಅನುಕೂಲವಾಗಲೆಂದು, ಅವಳೇ ಬರೆದಿದ್ದಳು.

ಮರುದಿನ ಅವಳು ಅಪ್ಪನನ್ನು ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಟ್ಟಳು. ಉಳವಪ್ಪನನ್ನು ಕರೆಸಿದರು. ಅವನು ಬಿಳಿ ಅಂಗಿ ಹಾಕಿಕೊಂಡೇ ಬಂದು, ನನ್ನ ಸಂಸಾರ ನಾ ಹುಡುಕಿದ್ನಿ, ಇವರ ತಂದಿತಾಯಿ ಆರೋಗ್ಯ ವಿಚಾರಿಸಿದ್ನಿ, ಅಷ್ಟೇ ಎಂದ. ಬರೆದುಕೊಂಡು, ಮತ್ತೆ ಹಾಗೆ ಮಾಡಬಾರದು ಎಂದು ಸಹಿ ಹಾಕಿಸಿಕೊಂಡು ಕಳಿಸಿದರು.

ಚನ್ನಬಸವಣ್ಣ ಎಲ್ಲವನ್ನೂ ಕೇಳಿಸಿಕೊಂಡರು. ಫಿಜಾಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಹೊಲಿಗಿ ಕ್ಲಾಸಿನ ಪಟ್ಟಿಯಾಗ ಗಂಡನ್ನ ಬಿಟ್ಟ ಬಂದಾರು ಎಷ್ಟು ಮಂದಿ ಅದಾರ?" ಎಂದು ಕೇಳಿದರು. ಅವಳು ಹುಡುಕಿ ಹೇಳಿದಳು. ಹದಿನೇಳು. "ಅವರ ವಿಳಾಸ?" ಎಲ್ಲವೂ ಇದ್ದವು. ಮುದುಕರು ಎದ್ದು ಹೋಗಿ ಆಮಂತ್ರಣ ಪತ್ರಿಕೆಯ ಕಟ್ಟನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. "ಬಂದ್ ಮಾಡು ತಂಗಿ. ನಿನ್ನೆನ ಮಾಡಬೇಕಾಗಿತ್ತು" ಎಂದರು.

ಬಂದ್ ಮಾಡಲು ಎರಡು ನಿಮಿಷ ಸಾಕಾಯಿತು. ಆದರೆ ಇಳಿಸಿಕೊಂಡವರ ಲೆಕ್ಕ ತೆಗೆದಾಗ, ಮೂವತ್ತರಲ್ಲಿ ಇಪ್ಪತ್ತೆರಡು ಅಂಗಡಿಗಳಲ್ಲಿ ಪಟ್ಟಿಯ ನಕಲು ಇತ್ತು. ಅದನ್ನು ಅಳಿಸಿಸಿ ಬರಲು ಇಬ್ಬರೂ ಹೊರಟರು. ಗದಗ-ಬೆಟಗೇರಿಯದು ಮೊದಲ ದಿನ ಮುಗಿಯಿತು. ಶಿರಹಟ್ಟಿಯಲ್ಲಿ ಅಲ್ಲಾಸಾಬ ಎಂಬ ಅಂಗಡಿಯವನು ಅಳಿಸಿ ತೋರಿಸಿದ, ಆಮೇಲೆ ತಲೆ ಕೆರೆದುಕೊಳ್ಳುತ್ತ, "ನಮ್ಮ ಭಾವ ವಿಮಾ ಮಾಡಸ್ತಾನ್ರಿ. ಯಾರ್ಯಾರಿಗೆ ಏನೇನ ರೋಗ ಐತಿ ನೋಡತೀನಿ ಅಂತ ಪೆನ್‌ಡ್ರೈವಿನಾಗ ಒಯ್ದಾನ" ಅಂದ. ಭಾವನನ್ನು ಹುಡುಕಿಕೊಂಡು ಹೋದರೆ, ಅವನು ಅದನ್ನು ಇನ್ನಿಬ್ಬರಿಗೆ ಕಳಿಸಿದ್ದ. ಚನ್ನಬಸವಣ್ಣ ರಸ್ತೆಯ ಬದಿ ಚಹಾದಂಗಡಿಯ ಬೆಂಚಿನ ಮೇಲೆ ಕೂತು, "ಇದು ಮುಗಿಯೂ ಕೆಲಸ ಅಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆದರೂ ಎದ್ದು ಮುಂದಿನ ಅಂಗಡಿಗೆ ನಡೆದರು.

ಲಕ್ಷ್ಮೇಶ್ವರಕ್ಕೆ ಹೋದ ದಿನ ಫಿಜಾ ದುರಗವ್ವನ ಮನೆಯ ಮುಂದೆ ಹಾದಳು, ಒಳಗೆ ಹೋಗಲಿಲ್ಲ. ಬಾಗಿಲಲ್ಲಿ ಕೂತಿದ್ದ ದುರಗವ್ವ ಅವಳನ್ನು ಕಂಡು, ಯಾರನ್ನೂ ಹೆಸರಿಸದೆ, "ಎಲ್ಲಾರೂ ಆರಾಮ ಅದಾರವಾ, ನೀ ನಡಿ" ಅಂದಳು. ಫಿಜಾಳಿಗೆ ಅಷ್ಟು ಸಾಕಾಗಿತ್ತು. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೋ ಇಲ್ಲವೋ ಎಂದು ಕೇಳುವ ಆಸೆಯಾದರೂ ಕೇಳಲಿಲ್ಲ.

ಉಳವಪ್ಪನ ಮುಖ ನೋಡಬೇಕಾದ ಮುಂಡರಗಿಯನ್ನು ಕಡೆಗೆ ಇಟ್ಟುಕೊಂಡಿದ್ದರು. ಉಳವಪ್ಪನ ಅಂಗಡಿಯ ಷಟರು ಎಳೆದಿತ್ತು. ಮೇಲೆ ಬೋರ್ಡು ಇದ್ದ ಜಾಗದಲ್ಲಿ ಬಿಸಿಲು ತಾಗದ ಗೋಡೆ ಚೌಕಾಗಿ ಬೆಳ್ಳಗೆ ಕಾಣುತ್ತಿತ್ತು. ಪಕ್ಕದ ಟೇಲರ್ ಶಿವಯೋಗಿ ಮಶೀನು ನಿಲ್ಲಿಸಿ ಹೊರಗೆ ಬಂದ.

"ಉಳವಪ್ಪನ್ನ ಕೇಳ್ತೀರೇನ್ರಿ? ಅಂಗಡಿ ಮುಚ್ಚಿ ನಾಕ ದಿನಾ ಆತು. ಖುರ್ಚಿ, ಟೇಬಲ್ಲಾ, ಝೆರಾಕ್ಸ್ ಮಶೀನಾ, ಎಲ್ಲಾ ಸಿಕ್ಕ ಬೆಲಿಗೆ ಮಾರಿದಾ. ಇವತ್ತ ಮುಂಜಾನೆ ಕಂಪ್ಯೂಟರೊಂದ ಬಗಲಾಗ ಇಟ್ಟುಕೊಂಡು ಹೋದಾ. ಯಾಕೋ ಅಂದ್ರ, ಇದರಾಗ ಇಡೀ ಜಿಲ್ಲಾ ಐತಿ, ಕೂತಲ್ಲೇ ಕೆಲಸಾ ಆಗತೈತಿ ಅಂದಾ."

"ಯಾವ ಕಡಿಗೆ ಹೋದ್ರು?" ಚನ್ನಬಸವಣ್ಣ ಕೇಳಿದರು.

"ಅದೇನ ಹೇಳಲಿಲ್ರಿ. ಮೊದಲು ಬೆಟಗೇರಿಗೆ ಹೋಗಿ ಯಾರನ್ನೋ ಭೆಟ್ಟಿ ಆಗೂದೈತಿ ಅಂದಾ."

ಫಿಜಾ ಮೊಬೈಲು ತೆಗೆದಳು. ಮಧ್ಯಾಹ್ನ ಎರಡು ಗಂಟೆ. ಅಪ್ಪ ಕೆಲಸಕ್ಕೆ ಹೋಗಿರುತ್ತಾನೆ, ಬೆಟಗೇರಿಯ ಮನೆಯಲ್ಲಿ ಅಮ್ಮ ಒಬ್ಬಳೇ. ಮನೆಯ ನಂಬರು ಒತ್ತಿ ಕಿವಿಗೆ ಹಿಡಿದು, ಆ ಮುಚ್ಚಿದ ಷಟರಿನ ಮುಂದೆ ನಿಂತುಕೊಂಡಳು. ಅತ್ತ ಕಡೆ ರಿಂಗಾಗುತ್ತಲೇ ಇತ್ತು.